ತಪ್ಪಿಲ್ಲದ ಚಿತ್ರ

ಒಂದು ಚಿತ್ರ ನೋಡಿ, "ಇದರಲ್ಲಿ ಒಂದೂ ತಪ್ಪಿಲ್ಲ ಕಣೇ, ಆದರೂ ಚೆನ್ನಾಗಿಲ್ಲ" ಎಂದುಬಿಟ್ಟೆ. ಅಷ್ಟಕ್ಕೇ ತಂಗಿಯ ಮಗಳು ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಕತೆಯ ಬಗ್ಗೆಯೋ ಸೀರೆಯ ಸೆರಗಿನ ಬಗ್ಗೆಯೋ ಈ ಮಾತು ಆಡಿದ್ದರೆ ಯಾರೂ ಇಷ್ಟು ಮುನಿಸಿಕೊಳ್ಳುತ್ತಿರಲಿಲ್ಲವೇನೋ. ನಾನು ಆಡಿದ್ದು ಒಂದು ಸರ್ಕ್ಯೂಟ್ ಚಿತ್ರದ ಬಗ್ಗೆ. ಅದನ್ನು ಬರೆದದ್ದೂ ಅವಳಲ್ಲ, ಅವಳ ಕಂಪ್ಯೂಟರು. "ದೊಡ್ಡಮ್ಮ, ಸರ್ಕ್ಯೂಟ್ ಅಂದ್ರೆ ಸರಿ ಇರ್ಬೇಕು, ಇಲ್ಲಾ ತಪ್ಪಿರ್ಬೇಕು. ಅದ್ರಲ್ಲಿ ಚೆನ್ನಾಗಿರೋದು ಅಂದ್ರೇನು?" ಎಂದು ಕೇಳಿದಳು. 30 ವರ್ಷ ದುರ್ಗದಲ್ಲಿ ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳಿದವಳು ನಾನು. ಆದರೂ ಆ ಹೊತ್ತಿಗೆ ಉತ್ತರ ಬಾಯಿಗೆ ಬರಲಿಲ್ಲ. ಆಗ ಹೇಳಲಾಗದ್ದನ್ನು ಈಗ ಬರೆಯಲು ಕೂತಿದ್ದೇನೆ. ಬರೆಯುತ್ತ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಅದು ಅದರ ಜಾಗದಲ್ಲಿ ಬರುತ್ತದೆ.

ಸಂಗತಿ ಶುರುವಾದದ್ದು ಹಿರೇಗುಂಟನೂರಿನಲ್ಲಿ, ತಂಗಿಯ ಹೊಲದ ಬೋರ್‌ವೆಲ್ಲಿನಿಂದ. ನಮ್ಮ ಸೀಮೆಯ ಮಳೆಯ ಕತೆ ನಿಮಗೆ ಗೊತ್ತೇ ಇದೆ. ಅಡಿಕೆಯಿರಲಿ ಈರುಳ್ಳಿಯಿರಲಿ, ಬೋರಿನಲ್ಲಿ ನೀರಿದ್ದು ಮೋಟಾರು ಓಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ತ್ರೀ ಫೇಸ್ ಕರೆಂಟು ಹೊಲಗಳಿಗೆ ಪಾಳಿಯ ಮೇಲೆ ಬರುತ್ತದೆ, ಎಷ್ಟೋ ಸಲ ನಡುರಾತ್ರಿ. ಆಗ ಎದ್ದು ಹೋಗಿ ಬಟನ್ ಒತ್ತುವವರು ಯಾರು? ಅದಕ್ಕೆಂದೇ ಸ್ಟಾರ್ಟರ್ ಪೆಟ್ಟಿಗೆಯೊಳಗೆ "ಆಟೋ" ಎಂದು ಕರೆಯುವ ಒಂದು ಸಣ್ಣ ಸಾಧನ ಕೂರಿಸಿರುತ್ತಾರೆ. ಮೂರೂ ಫೇಸು ಬಂದಾಗ ಅದು ಮೋಟಾರನ್ನು ಚಾಲೂ ಮಾಡುತ್ತದೆ. ಒಂದು ಫೇಸು ತಪ್ಪಿದರೂ ನಿಲ್ಲಿಸುತ್ತದೆ. ಈ ಎರಡನೆಯ ಕೆಲಸವೇ ದೊಡ್ಡದು. ಒಂದು ಫೇಸು ಇಲ್ಲದೆ ಓಡುವ ಮೋಟಾರು ಉಳಿದೆರಡರಿಂದ ಮಿತಿಮೀರಿ ಕರೆಂಟು ಎಳೆದು, ಕಾದು, ವೈಂಡಿಂಗ್ ಸುಟ್ಟುಕೊಳ್ಳುತ್ತದೆ.

ತಂಗಿಯ ಮೋಟಾರು ಒಂದೇ ವರ್ಷದಲ್ಲಿ ಎರಡು ಸಲ ಸುಟ್ಟಿತು. ಪೈಪು ಎತ್ತಿಸುವ ಕೂಲಿ, ವೈಂಡಿಂಗ್ ಖರ್ಚು, ಇವುಗಳ ಮೇಲೆ ನೀರಿಲ್ಲದೆ ಬಾಡಿದ ಗಿಡ. "ಆಟೋ ಐತೆ ಅಂತ ನಂಬ್ಕೊಂಡು ಮಲಗಿದ್ನಲ್ಲಕ್ಕಾ" ಎಂದು ಫೋನಿನಲ್ಲಿ ಅತ್ತಳು. ಮೆಕ್ಯಾನಿಕ್ಕನ್ನು ಕರೆಸಿದರೆ ಆತ ಒಂದು ಫ್ಯೂಸ್ ಕಿತ್ತು ತೋರಿಸಿದ. ಆಟೋ ಟಕ್ಕೆಂದು ನಿಲ್ಲಿಸಿತು. "ಬೋರ್ಡು ಚೆನ್ನಾಗೇ ಐತೆ ಕಣಮ್ಮ, ನಿಮ್ ನಸೀಬು" ಎಂದು ಹೊರಟ. ಪೆಟ್ಟಿಗೆಯ ಮುಚ್ಚಳದ ಒಳಗಡೆ ಅಂಟಿಸಿದ್ದ ಹಾಳೆಯಲ್ಲಿ ಯಾವ ತಂತಿ ಯಾವ ಸ್ಕ್ರೂಗೆ ಎಂಬುದಷ್ಟೇ ಇತ್ತು. ಬೋರ್ಡಿನ ಒಳಗೇನಿದೆ ಎಂದು ತೋರಿಸುವ ಚಿತ್ರ ಇಂಥ ಪೆಟ್ಟಿಗೆಗಳ ಜೊತೆ ಸಾಮಾನ್ಯವಾಗಿ ಬರುವುದಿಲ್ಲ. ಎಂಜಿನಿಯರಿಂಗ್ ಓದುತ್ತಿರುವ ಮಗಳು ಮೇನ್ ಆಫ್ ಮಾಡಿಸಿ, ಬೋರ್ಡು ಬಿಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ದುರ್ಗದ ನಮ್ಮ ಮನೆಗೆ ಬಂದಳು.

ಅವಳು ಮಾಡಿದ ಕೆಲಸವನ್ನು ಮೊದಲು ಹೊಗಳಬೇಕು. ಮಲ್ಟಿಮೀಟರಿನಲ್ಲಿ ಒಂದು ವ್ಯವಸ್ಥೆ ಇದೆ: ಅದರ ಎರಡು ಕಡ್ಡಿಗಳನ್ನು ಎರಡು ಕಡೆ ಮುಟ್ಟಿಸಿದಾಗ ನಡುವೆ ತಂತಿಯ ದಾರಿ ಇದ್ದರೆ ಕೀ ಎಂದು ಕೂಗುತ್ತದೆ. ಒಂದು ಕಡ್ಡಿಯನ್ನು ಒಂದು ಕಾಲಿನ ಮೇಲೆ ಹಿಡಿದು, ಇನ್ನೊಂದನ್ನು ಬೋರ್ಡಿನ ತುಂಬ ಆಡಿಸುತ್ತ, ಕೂಗಿದಲ್ಲೆಲ್ಲ ಬರೆದುಕೊಳ್ಳುತ್ತ ಹೋದಳು. 14 ಕಾಲಿನ ಒಂದು ಐಸಿ, ಎಲ್‌ಎಂ324. ಒಂದು ರಿಲೇ, ಅದನ್ನು ಎಳೆಯುವ ಬಿಸಿ547 ಟ್ರಾನ್ಸಿಸ್ಟರ್, ನಾಲ್ಕು ಡಯೋಡಿನ ಬ್ರಿಜ್, 12 ವೋಲ್ಟಿಗೆ ಇಳಿಸುವ 7812, ಮಿಕ್ಕಂತೆ ರೆಸಿಸ್ಟರು, ಕೆಪಾಸಿಟರು. ಮೂರು ಸಂಜೆಯಲ್ಲಿ 46 ಸಾಲಿನ ಪಟ್ಟಿ ಆಯಿತು. ಒಂದೊಂದು ಸಾಲೂ ಹೀಗೆ: "ಆರ್4 2 6 220ಕೆ". ಅಂದರೆ ನಾಲ್ಕನೆಯ ರೆಸಿಸ್ಟರಿನ ಒಂದು ಕಾಲು 2ನೆಯ ಗಂಟಿಗೆ, ಇನ್ನೊಂದು 6ನೆಯ ಗಂಟಿಗೆ. ಬೆಲೆ 220 ಕಿಲೋ ಓಮ್. ಗಂಟೆಂದರೆ ಕಾಲುಗಳು ಕೂಡುವ ಜಾಗ. ಸೊನ್ನೆ ನಂಬರಿನ ಗಂಟು ಎಂದಿಗೂ ಗ್ರೌಂಡು. ಎಲೆಕ್ಟ್ರಾನಿಕ್ಸಿನವರು ಈ ಬಗೆಯ ಪಟ್ಟಿಗೆ ನೆಟ್‌ಲಿಸ್ಟ್ ಎನ್ನುತ್ತಾರೆ.

ಇದು ಹೊಸ ಬರವಣಿಗೆಯೇನಲ್ಲ. 1973ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಲಾರೆನ್ಸ್ ನೇಗಲ್ ಎಂಬ ವಿದ್ಯಾರ್ಥಿ, ಡೊನಾಲ್ಡ್ ಪೆಡರ್ಸನ್ ಎಂಬ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ, ಸ್ಪೈಸ್ ಎಂಬ ಪ್ರೋಗ್ರಾಮನ್ನು ಹೊರತಂದ. ಸರ್ಕ್ಯೂಟನ್ನು ಬೆಸುಗೆ ಹಾಕುವ ಮೊದಲೇ ಅದು ಹೇಗೆ ನಡೆದುಕೊಳ್ಳುತ್ತದೆಂದು ಲೆಕ್ಕಹಾಕುವ ಪ್ರೋಗ್ರಾಮು ಅದು. ಆಗ ಕಂಪ್ಯೂಟರಿಗೆ ಉಣಿಸುತ್ತಿದ್ದುದು ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು; ಸಾಲಿಗೊಂದು ಕಾರ್ಡು. ಕಾರ್ಡು ಹೋಗಿ ಎಷ್ಟೋ ಕಾಲವಾದರೂ ಪಟ್ಟಿಯ ರೂಪ ಹಾಗೇ ಉಳಿದಿದೆ. ನಮ್ಮ ಹುಡುಗಿ ಇದನ್ನು ಕಲಿತದ್ದು ಇ-ಸಿಮ್ ಎಂಬ ಉಚಿತ ತಂತ್ರಾಂಶದಿಂದ, ಅದು ಐಐಟಿ ಬಾಂಬೆಯ ಫಾಸ್ಸಿ ಯೋಜನೆಯವರು ಮಾಡಿದ್ದು. ಅಲ್ಲಿ ನಾವು ಚಿತ್ರ ಬರೆಯುತ್ತೇವೆ, ಕಂಪ್ಯೂಟರು ಅದರಿಂದ ಪಟ್ಟಿ ತೆಗೆಯುತ್ತದೆ. ಆ ದಿಕ್ಕಿನ ಕೆಲಸ ಸುಲಭ. ಯಾವ ಗೆರೆ ಎಲ್ಲಿಂದ ಹೊರಟು ಎಲ್ಲಿ ಮುಟ್ಟಿತು ಎಂದು ಗುರುತಿಸಿದರೆ ಮುಗಿಯಿತು.

ಅವಳಿಗೆ ಬೇಕಾಗಿದ್ದುದು ತಿರುಗಾ ದಿಕ್ಕು. ಪಟ್ಟಿ ಕೈಯಲ್ಲಿದೆ, ಚಿತ್ರ ಬೇಕು. ಅಂತರ್ಜಾಲದಿಂದ ಇಳಿಸಿಕೊಂಡ ಯಾವುದೋ ಉಚಿತ ಸಾಧನಕ್ಕೆ ಪಟ್ಟಿಯನ್ನು ಕೊಟ್ಟಳು. ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಬಂತು. ಆ ಚಿತ್ರಕ್ಕೇ ನಾನು ಚೆನ್ನಾಗಿಲ್ಲ ಎಂದದ್ದು.

ಏಕೆಂದು ಹೇಳಲು ರಂಗೋಲಿಯ ಮಾತು ತೆಗೆಯುತ್ತೇನೆ. ಪತ್ರಿಕೆಗಳಲ್ಲಿ ರಂಗೋಲಿ ಅಚ್ಚಾದಾಗ ಕೆಳಗೊಂದು ಸಾಲು ಇರುತ್ತದಲ್ಲ: 15 ಚುಕ್ಕಿ ಇಟ್ಟು, ಎರಡೂ ಕಡೆ ಸಂದಿಯಲ್ಲಿ ಒಂದೊಂದು ಕಡಿಮೆ ಮಾಡುತ್ತ 8ಕ್ಕೆ ನಿಲ್ಲಿಸಿ. ಅಷ್ಟು ಹೇಳಿದರೆ 169 ಚುಕ್ಕಿಗಳೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ, ಒಂದೂ ಅತ್ತಿತ್ತ ಆಗುವುದಿಲ್ಲ. ಆದರೆ ಯಾವ ಚುಕ್ಕಿಯಿಂದ ಯಾವುದಕ್ಕೆ ಎಳೆ ಎಂದು ಆ ಸಾಲು ಹೇಳುವುದಿಲ್ಲ. ಅದಕ್ಕೆ ಚಿತ್ರವನ್ನೇ ನೋಡಬೇಕು. ನೆಟ್‌ಲಿಸ್ಟ್ ಇದಕ್ಕೆ ಸರಿಯಾಗಿ ತಿರುಗಾಮುರುಗಾ. ಯಾವುದರಿಂದ ಯಾವುದಕ್ಕೆ ಎಳೆ ಎಂಬುದನ್ನು ಒಂದೂ ಬಿಡದೆ ಹೇಳುತ್ತದೆ. ಚುಕ್ಕಿ ಎಲ್ಲಿಡಬೇಕು ಎಂಬುದರ ಸುದ್ದಿಯೇ ಎತ್ತುವುದಿಲ್ಲ. ಎಳೆಗಳು ಹೊಂದುವಂತೆ ಚುಕ್ಕಿಗಳ ಜಾಗವನ್ನು ಬರೆಯುವವಳೇ ಹುಡುಕಿಕೊಳ್ಳಬೇಕು. ನಮ್ಮ ಅಂಗಳದಲ್ಲಿ ಯಾರಾದರೂ ಇಂಥ ರಂಗೋಲಿ ಹಾಕು ಎಂದರೆ ಪೊರಕೆ ಎತ್ತಿಕೊಂಡು ಒಳಗೆ ಹೋಗಿಬಿಡುತ್ತೇವೆ.

(ರಂಗೋಲಿಗೂ ಕಂಪ್ಯೂಟರಿಗೂ ಎಲ್ಲಿಯ ನಂಟು ಎನ್ನಬೇಡಿ. 1974ರಲ್ಲೇ ಮದರಾಸಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಮೂವರೂ ಸೇರಿ ತಮಿಳುನಾಡಿನ ಕೋಲಗಳನ್ನು ವ್ಯಾಕರಣದಂಥ ಸೂತ್ರಗಳಿಂದ ಹುಟ್ಟಿಸುವ ಬಗೆಯನ್ನು ಕುರಿತು ಲೇಖನ ಪ್ರಕಟಿಸಿದರು. ಮೂವರಲ್ಲಿ ಇಬ್ಬರು ಹೆಂಗಸರು. ಹೊಸಿಲ ಮುಂದಿನ ಕೆಲಸ ಗಣಿತವಾಗಿ ಕಂಡದ್ದರಲ್ಲಿ ನನಗಂತೂ ಆಶ್ಚರ್ಯವಿಲ್ಲ.)

ಜಾಗ ಹುಡುಕುವ ಈ ಕೆಲಸವನ್ನು ಯಂತ್ರ ಹೇಗೆ ಮಾಡುತ್ತದೆ? ಬರೇ 20 ಭಾಗಗಳನ್ನು ಒಂದು ಸಾಲಿನಲ್ಲಿ ಕೂರಿಸುವ ಬಗೆಗಳನ್ನು ಎಣಿಸಿದರೆ ಬರುವುದು 19 ಅಂಕಿಗಳ ಸಂಖ್ಯೆ. ಅಷ್ಟನ್ನೂ ಒಂದೊಂದಾಗಿ ನೋಡಿ ಆರಿಸಲು ಆಗದು. ಗೆರೆಗಳು ಒಂದನ್ನೊಂದು ಅತಿ ಕಡಿಮೆ ಸಲ ದಾಟುವಂತೆ ಚಿತ್ರ ಮಾಡುವುದು ತೀರ ಕಠಿಣವಾದ ಲೆಕ್ಕಗಳ ಗುಂಪಿಗೆ ಸೇರಿದ್ದೆಂದು 1983ರಲ್ಲಿ ಗ್ಯಾರಿ ಮತ್ತು ಜಾನ್ಸನ್ ಎಂಬಿಬ್ಬರು ಸಾಧಿಸಿ ತೋರಿಸಿದರು. ಆದ್ದರಿಂದ ಯಂತ್ರ ಅಂದಾಜಿನ ದಾರಿ ಹಿಡಿಯುತ್ತದೆ. 1981ರಲ್ಲಿ ಜಪಾನಿನ ಸುಗಿಯಾಮ ಮತ್ತು ಅವರ ಜೊತೆಗಾರರು ತೋರಿಸಿದ ದಾರಿ ಈಗಲೂ ಬಳಕೆಯಲ್ಲಿದೆ. ಮೊದಲು ಭಾಗಗಳನ್ನು ಪಂಕ್ತಿಗಳಾಗಿ ವಿಂಗಡಿಸುವುದು. ಆಮೇಲೆ ಒಂದೊಂದು ಭಾಗವನ್ನೂ ಪಕ್ಕದ ಪಂಕ್ತಿಯಲ್ಲಿ ಅದಕ್ಕೆ ನಂಟಿರುವವರ ನಡುಮಧ್ಯಕ್ಕೆ ಸರಿಸುವುದು. ಮದುವೆಯ ಊಟದಲ್ಲಿ ಎದುರಿನ ಪಂಕ್ತಿಯ ಬೀಗಿತ್ತಿಯೊಡನೆ ಮಾತಾಡಬೇಕೆಂದು ಎಲೆ ಬದಲಾಯಿಸುತ್ತೇವಲ್ಲ, ಹಾಗೆ. ಹೀಗೆ ಹಲವು ಸಲ ಅತ್ತಿತ್ತ ಸರಿಸಿದರೆ ದಾಟುಗಳು ಕಡಿಮೆಯಾಗುತ್ತವೆ. ಕೊನೆಗೆ ತಂತಿ ಎಳೆಯುವುದು. ಅದಕ್ಕೆ 1961ರಷ್ಟು ಹಿಂದೆಯೇ ಲೀ ಎಂಬಾತ ಹೇಳಿದ ಉಪಾಯವಿದೆ: ಕೆರೆಗೆ ಕಲ್ಲು ಹಾಕಿದಂತೆ ಹೊರಟ ಜಾಗದಿಂದ ಅಲೆಗಳನ್ನು ಹರಡುವುದು, ಅಡ್ಡ ಬಂದದ್ದನ್ನು ಸುತ್ತಿ ಅಲೆ ಗುರಿ ಮುಟ್ಟಿದಾಗ ಬಂದ ದಾರಿಯಲ್ಲೇ ಹಿಂದಿರುಗಿ ಗೆರೆ ಎಳೆಯುವುದು. ಅಮೆರಿಕದ ಬೆಲ್ ಲ್ಯಾಬ್ಸಿನವರು ಸುಗಿಯಾಮರ ದಾರಿಯಲ್ಲೇ ನಡೆದು ಮಾಡಿದ, ಇಂದಿಗೂ ಎಲ್ಲೆಡೆ ಬಳಸುವ ಚಿತ್ರದ ಪ್ರೋಗ್ರಾಮೊಂದಿದೆ. ಅದರ ಹೆಸರು ಡಾಟ್, ಅಂದರೆ ಚುಕ್ಕಿ! ಇದೆಲ್ಲ ಬರೀ ಹೊರನಾಡಿನ ಮಾತೂ ಅಲ್ಲ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮೊದಮೊದಲು ಇಲ್ಲಿ ಮಾಡಿಸಿದ್ದು ಚಿಪ್ ವಿನ್ಯಾಸಕ್ಕೆ ಬೇಕಾಗುವ ತಂತ್ರಾಂಶವನ್ನೇ.

ಇಷ್ಟು ಬುದ್ಧಿವಂತಿಕೆ ಹಿಂದಿರುವ ಚಿತ್ರವನ್ನು ಮುಂದಿಟ್ಟುಕೊಂಡು ನೋಡಿದೆ. ಪಟ್ಟಿಗೆ ತಾಳೆ ಹಾಕಿದೆ. ಎಲ್ಲ ಸಾಲೂ ಚಿತ್ರದಲ್ಲಿತ್ತು. ಆದರೆ ಓದಲು ಹೋದರೆ ಕಣ್ಣಿಗೆ ಕೂರಲು ಜಾಗವಿಲ್ಲ. ಗ್ರೌಂಡು 19 ಕಡೆ ಮುಟ್ಟುತ್ತಿತ್ತು, ಯಂತ್ರ 19 ಕಡೆಗೂ ಒಂದೇ ತಂತಿಯನ್ನು ಎಳೆದುಕೊಂಡು ಹೋಗಿತ್ತು, ಬೆಕ್ಕು ಆಡಿದ ನೂಲಿನ ಉಂಡೆಯಂತೆ. ಕೈಯಲ್ಲಿ ಬರೆಯುವವರು ಹೀಗೆ ಮಾಡುವುದಿಲ್ಲ. ಬೇಕಾದ ಕಡೆಯಲ್ಲೆಲ್ಲ ಮೂರು ಪುಟ್ಟ ಗೆರೆಯ ಗುರುತು ಹಾಕಿ ಬಿಡುತ್ತಾರೆ; ಅದೆಲ್ಲ ಒಂದೇ ಎಂದು ಓದುವವರಿಗೆ ಗೊತ್ತು. ಬ್ರಿಜ್ಜಿನ ನಾಲ್ಕು ಡಯೋಡುಗಳನ್ನು ನಾವು ವಜ್ರದಾಕಾರದಲ್ಲಿ ಬರೆಯುತ್ತೇವೆ. ಆ ವಜ್ರ ಕಂಡೊಡನೆ, ಇಲ್ಲಿ ಎಸಿ ಡಿಸಿಯಾಗುತ್ತಿದೆ ಎಂದು ಬಿಡಿಸಿ ಓದದೆಯೇ ತಿಳಿಯುತ್ತದೆ. ಯಂತ್ರದ ಚಿತ್ರದಲ್ಲಿ ಒಂದು ಡಯೋಡು ಎಡಮೇಲೆ, ಎರಡು ರಿಲೇಯ ಕೆಳಗೆ, ನಾಲ್ಕನೆಯದು ಇನ್ನೊಂದು ಅಂಚಿನಲ್ಲಿ. ಕೆಲಸದ ಕೊನೆಗೆ ಬರಬೇಕಾದ ರಿಲೇ ಎಡಗಡೆ, ಕರೆಂಟು ಒಳಬರುವ ಜಾಗ ನಟ್ಟನಡುವೆ. ಬಲಗಡೆಯ ಮೂಲೆಯಲ್ಲಿ ಯಾವುದೋ ಒಂದು ಕಡ್ಡಿ ಎಲ್ಲಿಗೂ ಸೇರದೆ ಒಂಟಿಯಾಗಿ ನಿಂತಿತ್ತು. ಅದನ್ನೂ ಕುರೂಪದ ಲೆಕ್ಕಕ್ಕೆ ಸೇರಿಸಿದೆ.

ಸರ್ಕ್ಯೂಟ್ ಚಿತ್ರಕ್ಕೂ ಒಂದು ಸಂಪ್ರದಾಯವಿದೆ. ಸಿಗ್ನಲ್ಲು ಎಡದಿಂದ ಬಲಕ್ಕೆ ಹರಿಯಬೇಕು, ನಾವು ಓದುವಂತೆ. ಹೆಚ್ಚಿನ ವೋಲ್ಟೇಜು ಮೇಲೆ, ಗ್ರೌಂಡು ಕೆಳಗೆ. ಒಂದೇ ಕೆಲಸ ಮಾಡುವ ಭಾಗಗಳು ಒಂದೇ ತರಹ ಕೂರಬೇಕು. ನಾಲ್ಕು ಗೆರೆಗಳನ್ನು ಒಂದೇ ಚುಕ್ಕಿಗೆ ಸೇರಿಸಬಾರದು, ದಾಟೋ ಕೂಟವೋ ಎಂದು ಅನುಮಾನ ಬರುತ್ತದೆ. ಯಾರೋ ಮಡಿವಂತರು ಮಾಡಿದ ಕಟ್ಟಳೆ ಎಂದುಕೊಳ್ಳಬೇಡಿ. ರಾತ್ರಿ ಟಾರ್ಚು ಕಚ್ಚಿಕೊಂಡು ರಿಪೇರಿಗೆ ಕೂತವರಿಗೆ, ಕೆಟ್ಟದ್ದು ಎಲ್ಲಿರಬಹುದೆಂದು ಬೇಗ ಸಿಗಲಿ ಎಂದು ಆದದ್ದು. ಒಂದು ಉದಾಹರಣೆ ಹೇಳಿದರೆ ಸಾಕು. ಎರಡು ಟ್ರಾನ್ಸಿಸ್ಟರು ಒಂದನ್ನೊಂದು ಆರಿಸಿ ಹೊತ್ತಿಸುವ ಮಲ್ಟಿವೈಬ್ರೇಟರ್ ಎಂಬ ಸರ್ಕ್ಯೂಟಿದೆ, ಮಿಣಮಿಣ ಮಿಂಚುವ ದೀಪಗಳಲ್ಲಿ ನೋಡುತ್ತೀರಿ. ಅದರ ಗುರುತೇ ನಡುವೆ ಕತ್ತರಿಯಂತೆ ದಾಟುವ ಎರಡು ಗೆರೆ. ಮೊದಲ ವರ್ಷದ ಹುಡುಗನೂ ಆ ಕತ್ತರಿ ನೋಡಿ ಹೆಸರು ಹೇಳುತ್ತಾನೆ. ದಾಟು ಕಡಿಮೆ ಮಾಡುವುದೇ ಸದ್ಗುಣವೆಂದು ನಂಬಿದ ಯಂತ್ರ ಒಂದು ಗೆರೆಯನ್ನು ಸುತ್ತಿಸಿ ಹೊರಗಿನಿಂದ ತಂದು ಕತ್ತರಿಯನ್ನೇ ಅಳಿಸಬಹುದು. ಅದರ ಲೆಕ್ಕದಲ್ಲಿ ಚಿತ್ರ ಉತ್ತಮವಾಯಿತು. ನಮಗೆ ಗುರುತಿನ ಮುಖವೇ ಇಲ್ಲವಾಯಿತು.

ಯಂತ್ರದ ಪರವಾಗಿ ಒಂದು ಮಾತು ಹೇಳಬೇಕು. ಡಿಜಿಟಲ್ ಸರ್ಕ್ಯೂಟಿನಲ್ಲಿ ಒಂದೊಂದು ಗೇಟಿಗೂ ಒಳಬಾಗಿಲು ಹೊರಬಾಗಿಲು ಗೊತ್ತಿರುತ್ತದೆ. ಆದ್ದರಿಂದ ಪಂಕ್ತಿ ವಿಂಗಡಿಸುವುದು ಸುಲಭ, ಚಿತ್ರಗಳೂ ಅಚ್ಚುಕಟ್ಟಾಗಿ ಬರುತ್ತವೆ, ಎಷ್ಟೋ ಸಲ ನನ್ನ ಕೈಗಿಂತ ಚೆನ್ನಾಗಿ. ರೆಸಿಸ್ಟರಿಗೆ ಹಿಂದು ಮುಂದಿಲ್ಲ. ಎರಡು ಕಾಲೂ ಒಂದೇ. ಅದು ಒಳತರುತ್ತಿದೆಯೋ ಹೊರಕಳಿಸುತ್ತಿದೆಯೋ ಎಂಬುದು ಸರ್ಕ್ಯೂಟು ಮಾಡಿದವರ ಮನಸ್ಸಿನಲ್ಲಿದೆ, ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಯಂತ್ರ ಎಲ್ಲಿಂದ ತಂದೀತು? ಈಚಿನ ವರ್ಷಗಳಲ್ಲಿ, ಮನುಷ್ಯರು ಬರೆದ ಸಾವಿರಾರು ಚಿತ್ರಗಳನ್ನು ತೋರಿಸಿ ಯಂತ್ರಕ್ಕೆ ಈ ರೂಢಿಯನ್ನು ಕಲಿಸುವ ಪ್ರಯತ್ನಗಳೂ ನಡೆದಿವೆ. ಕಲಿತರೆ ವಜ್ರವೂ ಕತ್ತರಿಯೂ ಬರಬಹುದು. ಹಾಗೆ ಕಲಿತ ಯಂತ್ರದ ಮೇಲೆ ನನಗಿರುವ ಭಯವೇ ಬೇರೆ, ಅದು ಮುಂದಿನ ಮಾತಿನಲ್ಲಿ ಗೊತ್ತಾಗುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹುಡುಗಿ ಮುನಿಸಿಕೊಂಡಿದ್ದ ಎರಡನೆಯ ಸಂಜೆ, ತೋರಿಸಿಕೊಡೋಣವೆಂದು ಗ್ರಾಫ್ ಹಾಳೆ, ಪೆನ್ಸಿಲು, ಸ್ಕೇಲು ತೆಗೆದು ಅವಳ ಪಟ್ಟಿಯಿಂದ ನಾನೇ ಚಿತ್ರ ಬರೆದೆ. ಎಡಗಡೆ ಆರ್, ವೈ, ಬಿ ಮೂರು ಫೇಸು, ಒಂದರ ಕೆಳಗೊಂದು. ಒಂದೊಂದರಿಂದಲೂ ರೆಸಿಸ್ಟರು, ಡಯೋಡು, ಐಸಿಯ ಒಂದೊಂದು ಭಾಗ. ಮೂರು ಸಾಲೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಬಂದವು. ಅಲ್ಲಿಂದ ಮೂರೂ ಕೂಡಿ ಟ್ರಾನ್ಸಿಸ್ಟರಿಗೆ, ರಿಲೇಗೆ. ಮೇಲೆ 12 ವೋಲ್ಟಿನ ಗೆರೆ, ಕೆಳಗೆ ಗ್ರೌಂಡು, ಮೂಲೆಯಲ್ಲಿ ವಜ್ರ. ಮೂರನೆಯ ಸಾಲು ಬರೆಯುವಾಗ ಪಟ್ಟಿಯಲ್ಲಿ ಒಂದು ಎಡವಟ್ಟು ಕಂಡಿತು. ಆರ್1 ಒಂದನೆಯ ಗಂಟಿನಿಂದ ಹೊರಟಿದೆ, ಆರ್4 ಎರಡನೆಯದರಿಂದ. ಆರ್7 ಮೂರನೆಯದರಿಂದ ಹೊರಡಬೇಕು, ಅಲ್ಲವೇ? ಪಟ್ಟಿಯಲ್ಲಿ ಮತ್ತೆ 2 ಎಂದಿತ್ತು. "ಇಲ್ಲಿ 3 ಬರೆಯೋ ಕಡೆ 2 ಬರ್ದಿದೀಯ ನೋಡು" ಎಂದೆ. "ಮೀಟರ್ ಕೂಗಿತ್ತು ದೊಡ್ಡಮ್ಮ" ಎಂದಳು, ಮೆಲ್ಲಗೆ. "ಸುಸ್ತಾಗಿ ಎಲ್ಲೋ ಕಡ್ಡಿ ಜಾರಿರುತ್ತೆ" ಎಂದು ತಿದ್ದಿ ಬರೆದೆ. 30 ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಅದು, ತಡೆಯುವವರು ಯಾರು?

ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಐದು ನಿಮಿಷದಲ್ಲಿ ಇಡೀ ಬೋರ್ಡಿನ ನಡೆಯನ್ನು ಬೆರಳಿಟ್ಟು ವಿವರಿಸಿದೆ. ಯಾವ ಫೇಸು ಹೋದರೂ ಆ ಸಾಲಿನ ಐಸಿಯ ಕಾಲು ಇಳಿಯುತ್ತದೆ, ಟ್ರಾನ್ಸಿಸ್ಟರು ಆರುತ್ತದೆ, ರಿಲೇ ಬಿಡುತ್ತದೆ. ಅವಳೂ ತಲೆಯಾಡಿಸಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು: "ಹಂಗಾದ್ರೆ ಮೋಟ್ರು ಯಾಕೆ ಸುಡ್ತು?" ನನ್ನ ಚಿತ್ರದ ಪ್ರಕಾರ ಸುಡಬಾರದಿತ್ತು.

ಮರುದಿನ ಬೆಳಿಗ್ಗೆ ನಾನು ಕಾಫಿ ಸೋಸುತ್ತಿದ್ದಾಗ ಅವಳು ಕಂಪ್ಯೂಟರಿನ ಚಿತ್ರ ಹಿಡಿದು ಅಡಿಗೆಮನೆಗೇ ಬಂದಳು. ಬಲಮೂಲೆಯ ಒಂಟಿ ಕಡ್ಡಿಯ ಮೇಲೆ ಬೆರಳಿಟ್ಟಳು. ಅದು ಫೇಸುಗಳು ಒಳಬರುವ ಕನೆಕ್ಟರಿನ ಮೂರನೆಯ ಕಾಲು, ಬಿ ಫೇಸು. ಅದಕ್ಕೆ ಏನೂ ಸೇರಿರಲಿಲ್ಲ. ನಾನು ಕುರೂಪವೆಂದು ಪಕ್ಕಕ್ಕೆ ತಳ್ಳಿದ್ದು ಅದನ್ನೇ. ಪಟ್ಟಿ ತೆಗೆದು ನೋಡಿದರೆ 3ನೆಯ ಗಂಟು 46 ಸಾಲಿನಲ್ಲಿ ಒಂದೇ ಒಂದು ಸಲ ಬರುತ್ತದೆ. ಅದನ್ನು ಲೆಕ್ಕ ಹಾಕಲೆಂದು ಸ್ಪೈಸಿಗೆ ಕೊಟ್ಟಿದ್ದರೆ, ಗಂಟೊಂದಕ್ಕೆ ಎರಡಾದರೂ ಕಾಲು ಸೇರಬೇಕೆಂದು ಅದೇ ಗದರಿಸುತ್ತಿತ್ತೇನೋ, ನಾವು ಕೊಟ್ಟಿರಲಿಲ್ಲ. ಮೇಜಿನ ದೀಪದಡಿ ಬೋರ್ಡನ್ನು ಮಗುಚಿ ಹಿಡಿದು ಹುಡುಕಿದೆವು. ಹಿಂಬದಿಯಲ್ಲಿ, ಮಾಸಿದ ವಾರ್ನಿಷಿನ ಬಣ್ಣಕ್ಕೇ ತಿರುಗಿದ್ದ ಕೂದಲಿನಂಥ ತಂತಿ. ಆರ್7ರ ಕಾಲನ್ನು ಬಿ ಇಂದ ಬಿಡಿಸಿ ವೈಗೆ ಸೇರಿಸಿ ಬೆಸುಗೆ ಹಾಕಿತ್ತು. ಬಿ ಫೇಸು ಹೋದರೂ ಬೋರ್ಡಿಗೆ ಅದು ತಿಳಿಯುವುದೇ ಇಲ್ಲ. ವೈ ಇದ್ದರೆ ಎರಡೂ ಇದ್ದಂತೆ. ಮೆಕ್ಯಾನಿಕ್ಕು ಅಂದು ಕಿತ್ತು ತೋರಿಸಿದ್ದು ಬೇರೊಂದು ಫ್ಯೂಸು.

ತಂಗಿಗೆ ಫೋನು ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. 2016ರ ಬರ. ತ್ರೀ ಫೇಸ್ ಸರಿಯಾಗಿ ಸಿಗದೆ ಗಿಡ ಒಣಗುತ್ತಿದ್ದಾಗ ಭಾವನವರೇ ಯಾರನ್ನೋ ಕರೆತಂದು, "ಏನಾರ ಮಾಡಪ್ಪ, ಎರಡು ಫೇಸಿಗೂ ಓಡ್ಬೇಕು" ಎಂದು ಕೆಪಾಸಿಟರು ಹಾಕಿಸಿದ್ದರಂತೆ. ಆ ಕೆಪಾಸಿಟರು ಮುಂದೆ ಎಂದೋ ಕೆಟ್ಟು ತೆಗೆದುಹಾಕಿದ್ದಾಯಿತು. ಬೋರ್ಡಿನ ಹಿಂದಿನ ಎಳೆಯನ್ನು ಮಾತ್ರ ಎಲ್ಲರೂ ಮರೆತರು. ಭಾವನವರು ಈಗಿಲ್ಲ.

ಹಾಗಾದರೆ ಹುಡುಗಿ ಕೇಳಿದ ಪ್ರಶ್ನೆಗೆ ನನ್ನ ಉತ್ತರವೇನು? ಯಂತ್ರದ ಚಿತ್ರ ಚೆನ್ನಾಗಿಲ್ಲ ಎಂಬ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಅದನ್ನು ಕೊಟ್ಟು ಯಾರಿಂದಲೂ ರಿಪೇರಿ ಮಾಡಿಸಲಾಗದು. ನಾನು ಬರೆದದ್ದನ್ನು ಓದಬಹುದು; ಆದರೆ ಅದು ಸುಳ್ಳು ಹೇಳಿತು, ಅದೂ ಬಹಳ ಒಪ್ಪವಾಗಿ. ಮೂರು ಸಾಲು ಒಂದೇ ಸಮ ಇರಬೇಕೆಂಬ ನನ್ನ ಅಚ್ಚುಕಟ್ಟಿನ ಆಸೆಯೇ ಸಮ ಇಲ್ಲದ್ದನ್ನು ಮುಚ್ಚಿಹಾಕಿತು. ಯಂತ್ರಕ್ಕೆ ಆ ಆಸೆ ಇರಲಿಲ್ಲ. ಆರ್, ವೈ, ಬಿ ಅಕ್ಕತಂಗಿಯರು ಎಂದು ಅದಕ್ಕೆ ಗೊತ್ತೇ ಇಲ್ಲದ್ದರಿಂದ, ಒಬ್ಬಳು ಹೊರಗೆ ನಿಂತಿದ್ದಾಳೆ ಎಂದು ನಾಚಿಕೆಯಿಲ್ಲದೆ ತೋರಿಸಿತು. ಮನುಷ್ಯರ ಚಿತ್ರ ನೋಡಿ ಕಲಿಯುವ ಯಂತ್ರದ ಬಗ್ಗೆ ಭಯ ಎಂದೆನಲ್ಲ, ಇದೇ: ನಮ್ಮ ವಜ್ರ, ಕತ್ತರಿಗಳ ಜೊತೆಗೆ, ಪಟ್ಟಿಯನ್ನು ತಿದ್ದಿಬಿಡುವ ನಮ್ಮ ಚಾಳಿಯನ್ನೂ ಅದು ಕಲಿತೀತು. ಯಂತ್ರದ ಚಿತ್ರವನ್ನು ನಾನು ಈಗ ಕರಡು ತಿದ್ದುವವರ ಪ್ರತಿಯಂತೆ ಇಟ್ಟುಕೊಳ್ಳುತ್ತೇನೆ. ಅಚ್ಚಿಗೆ ಹೋಗುವುದು ಕೈಯ ಚಿತ್ರವೇ, ಆದರೆ ಎರಡನ್ನೂ ಸಾಲು ಸಾಲಾಗಿ ತಾಳೆ ನೋಡಿದ ಮೇಲೆ.

ಇನ್ನೊಂದು ವಿಷಯ ಎರಡು ಚಿತ್ರದಲ್ಲೂ ಇರಲಿಲ್ಲ. ತಂತಿ ಇದೆ ಎಂದು ಪಟ್ಟಿ ಹೇಳಿತು. ಏಕೆ ಎಂದು ಹೇಳಿದವಳು ತಂಗಿ. ನೆಟ್‌ಲಿಸ್ಟಿನಲ್ಲಿ ನಕ್ಷತ್ರದ ಗುರುತು ಹಾಕಿ ಶುರುಮಾಡಿದ ಸಾಲನ್ನು ಯಂತ್ರ ಓದದೆ ಬಿಡುತ್ತದೆ, ಅದು ಮನುಷ್ಯರಿಗಾಗಿ ಬರೆದ ಟಿಪ್ಪಣಿ ಎಂದು. ಹುಡುಗಿ ಪಟ್ಟಿ ತಿದ್ದಿ, ಆರ್7ರ ಮೇಲೆ ನಕ್ಷತ್ರವಿಟ್ಟು ಒಂದು ಸಾಲು ಸೇರಿಸಿದಳು: 2016ರ ಬರದಲ್ಲಿ ಅಪ್ಪ ಹಾಕಿಸಿದ ತಂತಿ, ಈಗ ತೆಗೆದಿದೆ. ಮತ್ತೆ ಚಿತ್ರ ತೆಗೆಸಿದಾಗ ಒಂಟಿ ಕಡ್ಡಿ ಇರಲಿಲ್ಲ, ಮಿಕ್ಕ ಗೋಜಲು ಹಾಗೇ ಇತ್ತು. ಆ ಸಾಲೂ ಬರಲಿಲ್ಲ. ನನ್ನ ಚಿತ್ರದ ಅಂಚಿನಲ್ಲಿ ಅದನ್ನು ಪೆನ್ಸಿಲಿನಲ್ಲಿ ಬರೆದುಕೊಂಡೆ.

ಭಾನುವಾರ ಇಬ್ಬರೂ ಬಸ್ಸಿನಲ್ಲಿ ಊರಿಗೆ ಹೋದೆವು. ಬೋರ್ಡು ಕೂರಿಸಿ, ಊರಿನ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಈ ಸಲ ಮೂರು ಫ್ಯೂಸನ್ನೂ ಒಂದಾದ ಮೇಲೊಂದು ತೆಗೆಸಿ ನೋಡಿದೆವು. ಮೂರು ಸಲವೂ ಮೋಟಾರು ನಿಂತಿತು. ಮುಚ್ಚಳದ ಒಳಗೆ ನನ್ನ ಚಿತ್ರವನ್ನು ಅಂಟಿಸಿ, ಅದರ ಹಿಂದೆ ಪಟ್ಟಿಯನ್ನು ಮಡಚಿ ಸಿಕ್ಕಿಸಿದಳು. ತಂಗಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಬಹಳ ಹೊತ್ತು ಚಿತ್ರವನ್ನೇ ನೋಡಿದಳು.

"ಇಷ್ಟೆಲ್ಲಾ ಬರ್ದೀರಲ್ಲಕ್ಕಾ, ರಾತ್ರಿ ನಾನು ಒತ್ತೋ ಕೆಂಪು ಬಟನ್ ಇದ್ರಲ್ಲಿ ಎಲ್ಲೈತೆ?"

ಬಟನ್ನು ಆ ಬೋರ್ಡಿನದಲ್ಲ, ಸ್ಟಾರ್ಟರಿನದು. ಪಟ್ಟಿಯಲ್ಲಿರಲಿಲ್ಲ, ಆದ್ದರಿಂದ ಯಾವ ಚಿತ್ರದಲ್ಲೂ ಇರಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ನನ್ನ ಚೀಲದಿಂದ ಪೆನ್ನು ತೆಗೆದು, ಹಾಳೆಯ ಕೆಳಗಿನ ಅಂಚಿಗೆ ಒಂದು ಗುಂಡು ಬರೆದು, ಕೆಂಪು ಶಾಯಿ ಇಲ್ಲದ್ದರಿಂದ ಅದರೊಳಗೆ "ಕೆಂಪು" ಎಂದು ಬರೆದಳು.